ಲೋಕಲ್‌ಹೋಸ್ಟ್ ನಿಂತ್ರೆ ಅಳಿಸ್ಬೇಡಿ, ಮೊದಲು ಓದಿ

1/10

ವಿಂಡೋಸ್ ಅಪ್‌ಗ್ರೇಡ್ ಆಯ್ತು. ಲೋಕಲ್‌ಹೋಸ್ಟ್ ಓಪನ್ ಆಗ್ತಿಲ್ಲ. ನಾಡಿದ್ದು ಪ್ರಾಜೆಕ್ಟ್ ಸಬ್ಮಿಷನ್. ಈಗ ಏನ್ಮಾಡ್ತೀರಿ?

ನಮ್ಮ ಕ್ಲಾಸ್ ಗ್ರೂಪಿನಲ್ಲಿ ಈ ಪ್ರಶ್ನೆಗೆ ಬರೋ ಉತ್ತರ ಯಾವಾಗ್ಲೂ ಒಂದೇ: "ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕು ಮಗಾ." ಅದಕ್ಕೂ ಬಗ್ಗಲಿಲ್ಲ ಅಂದ್ರೆ ಎರಡನೇ ಉತ್ತರ: "ಫಾರ್ಮ್ಯಾಟ್ ಹೊಡಿಸು."

ಈ ಎರಡು ಉತ್ತರಗಳ ಮೇಲೆ ನನಗೆ ತಕರಾರಿದೆ. ಅದನ್ನ ಹೇಳೋಕೇ ಈ ಹತ್ತು ಭಾಗ ಬರೀತಿದ್ದೀನಿ. ಇದು ಬರೀ ಟೆಕ್ ಟಿಪ್ಸ್ ಪೋಸ್ಟ್ ಅಂದ್ಕೊಳ್ಬೇಡಿ, ಇದರಲ್ಲಿ ಒಂದು ಅಭಿಪ್ರಾಯವೂ ಇದೆ. ಕೆಟ್ಟಿದ್ದು ಏನು ಅಂತ ಓದದೇ ಅಳಿಸೋದು ರಿಪೇರಿ ಅಲ್ಲವೇ ಅಲ್ಲ. ಓದೋ ಕೆಲಸ ಬಿಕಾಂ ಓದೋ ನಮಗೆ ಇಂಜಿನಿಯರಿಂಗ್‌ನವರಿಗಿಂತ ಏನೂ ಕಷ್ಟ ಅಲ್ಲ. ಯಾಕೆ ಅಂತ ನಾಲ್ಕನೇ ಭಾಗದಲ್ಲಿ ಹೇಳ್ತೀನಿ.

ಈಗಲೇ ಯಾಕೆ ಈ ಮಾತು? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಸಪೋರ್ಟ್ ಮುಗೀತು. ಅದರ ಆಸುಪಾಸಿನಲ್ಲಿ ನಮ್ಮಲ್ಲಿ ಎಷ್ಟೋ ಜನ 11ಕ್ಕೆ ಹೋದ್ರು, ಇನ್ನೂ ಹೋಗ್ತಾನೇ ಇದ್ದಾರೆ. ಗ್ರೂಪಿನಲ್ಲಿ "ಅಪಾಚೆ ಸ್ಟಾರ್ಟ್ ಆಗ್ತಿಲ್ಲ" ಅನ್ನೋ ಸ್ಕ್ರೀನ್‌ಶಾಟ್‌ಗಳು ಬರ್ತಾನೇ ಇವೆ. ಸೇವ್ ಮಾಡ್ಕೊಳ್ಳಿ, ಒಂದಲ್ಲ ಒಂದಿನ ಬೇಕಾಗುತ್ತೆ.

2/10

ಮೊದಲು, ಲೋಕಲ್‌ಹೋಸ್ಟ್ ಅಂದ್ರೆ ಏನು? ಹೆಸರು ದೊಡ್ಡದು, ವಿಷಯ ಸಣ್ಣದು.

ನೀವು ಬ್ರೌಸರ್‌ನಲ್ಲಿ ಒಂದು ವೆಬ್‌ಸೈಟ್ ತೆಗೆದಾಗ ಎಲ್ಲೋ ಇರೋ ಒಂದು ಕಂಪ್ಯೂಟರ್ ನಿಮಗೆ ಪುಟ ಕಳಿಸುತ್ತೆ. ಹಾಗೆ ಕಳಿಸೋ ಸಾಫ್ಟ್‌ವೇರ್‌ಗೆ ವೆಬ್ ಸರ್ವರ್ ಅಂತಾರೆ. ಆ ಸರ್ವರ್‌ನ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿದ್ರೆ ಅದೇ ಲೋಕಲ್ ಸರ್ವರ್. ಅದರ ವಿಳಾಸ 127.0.0.1, ಕರೆಯೋ ಹೆಸರು ಲೋಕಲ್‌ಹೋಸ್ಟ್. ನಿಮ್ಮ ಬ್ರೌಸರ್ ಕೇಳಿದ್ದು ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗೋದೇ ಇಲ್ಲ. ಹಾಗಾಗಿ ಡೇಟಾ ಪ್ಯಾಕ್ ಮುಗಿದಿದ್ರೂ ಇದು ನಡೀಬೇಕು. "ನೆಟ್ ಇಲ್ಲ ಅದಕ್ಕೇ ಬರ್ತಿಲ್ಲ" ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ನಮ್ಮಲ್ಲಿ ಹೆಚ್ಚಿನವರು ಹಾಕ್ಕೊಳ್ಳೋದು ಝಾಂಪ್. ಅದು ಒಂದು ಸಾಫ್ಟ್‌ವೇರ್ ಅಲ್ಲ, ಒಂದು ಗಂಟು. ಒಳಗೆ ಅಪಾಚೆ ಇದೆ, ಪುಟ ಬಡಿಸೋದು ಅದು. ಪಿಎಚ್‌ಪಿ ಇದೆ, ನಿಮ್ಮ ಕೋಡ್ ಓಡಿಸೋದು ಅದು. ಮೈಎಸ್‌ಕ್ಯೂಎಲ್ ಅಂತ ಬಟನ್ ಇದೆ, ಡೇಟಾ ಇಡೋದು ಅಲ್ಲಿ. ಅಂದ ಹಾಗೆ ಬಟನ್ ಮೇಲೆ ಆ ಹೆಸರಿದ್ರೂ ಒಳಗಿರೋದು ಮರಿಯಾಡಿಬಿ. ಮೈಎಸ್‌ಕ್ಯೂಎಲ್ ಕಟ್ಟಿದ ಮೈಕೆಲ್ ವಿಡೇನಿಯಸ್ ಅವರೇ ಆಮೇಲೆ ಇದನ್ನೂ ಶುರು ಮಾಡಿದ್ದು. ಎರಡಕ್ಕೂ ತಮ್ಮ ಹೆಣ್ಣುಮಕ್ಕಳ ಹೆಸರಿಟ್ರು.

ಪಾಯಿಂಟ್ ಏನಂದ್ರೆ, ಇವು ಮೂರು ಬೇರೆ ಬೇರೆ ಆಳುಗಳು. ಒಬ್ಬ ಕೆಲಸಕ್ಕೆ ಬರಲಿಲ್ಲ ಅಂತ ಮೂವರನ್ನೂ ಮನೆಗೆ ಕಳಿಸ್ತೀರಾ? ಅನ್‌ಇನ್‌ಸ್ಟಾಲ್ ಅಂದ್ರೆ ಅದೇ.

3/10

ಇದನ್ನ ಬರೆಯೋಕೆ ಕಾರಣ ಆದ ವಿಷಯ. ನಮ್ಮ ಕ್ಲಾಸಿನ ಒಬ್ಬಳ ಕಥೆ, ಅವಳನ್ನ ಕೇಳೇ ಬರೀತಿದ್ದೀನಿ, ಹೆಸರು ಬೇಡ ಅಂದಿದ್ದಾಳೆ.

ಅವಳ ಅಪ್ಪಂದು ಗೊಬ್ಬರದ ಅಂಗಡಿ. ಉದ್ರಿ ವ್ಯಾಪಾರ ಹೇಗಿರುತ್ತೆ ಗೊತ್ತಲ್ಲ, ಬೆಳೆ ಬಂದ್ಮೇಲೆ ದುಡ್ಡು. ಇವಳು ಎರಡನೇ ವರ್ಷದ ಪ್ರಾಜೆಕ್ಟ್‌ಗೆ ಅಂತ ಪಿಎಚ್‌ಪಿಯಲ್ಲಿ ಒಂದು ಉದ್ರಿ ಪುಸ್ತಕ ಮಾಡಿದ್ಲು. ಹೆಸರು, ಊರು, ಎಷ್ಟು ಚೀಲ, ಎಷ್ಟು ಬಾಕಿ. ಮಾರ್ಕ್ಸ್ ಬಂತು. ಅಪ್ಪನಿಗೆ ಎಷ್ಟು ಇಷ್ಟ ಆಯ್ತು ಅಂದ್ರೆ ಕೆಂಪು ಲೆಕ್ಕದ ಪುಸ್ತಕ ಮುಚ್ಚಿಟ್ಟು ಪೂರ್ತಿ ಇದರಲ್ಲೇ ಬರೆಸೋಕೆ ಶುರು ಮಾಡಿದ್ರು. ನಾಲ್ಕು ತಿಂಗಳು.

ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಹೋಯ್ತು, ಅಪಾಚೆ ನಿಂತ್ಹೋಯ್ತು. ಗ್ರೂಪಿನಲ್ಲಿ ಕೇಳಿದ್ಲು. "ಫಾರ್ಮ್ಯಾಟ್ ಹೊಡಿಸು." ರಿಪೇರಿ ಅಂಗಡಿಗೆ ಕೊಟ್ಲು. ಅಂಗಡಿಯವರು ಕೇಳಿದ್ದಾರೆ, ಬ್ಯಾಕಪ್ ಏನೇನು ಬೇಕು ಅಂತ. ಫೋಟೋ, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಅಂದಿದ್ದಾಳೆ. ಅವರು ಅದನ್ನೆಲ್ಲ ನೀಟಾಗಿ ಉಳಿಸಿ ಕೊಟ್ಟಿದ್ದಾರೆ. ಉದ್ರಿ ಲೆಕ್ಕ ಇದ್ದಿದ್ದು ಸಿ ಡ್ರೈವ್‌ನಲ್ಲಿ ಝಾಂಪ್ ಫೋಲ್ಡರ್ ಒಳಗೆ, ಮೈಎಸ್‌ಕ್ಯೂಎಲ್ ಒಳಗೆ, ಡೇಟಾ ಅನ್ನೋ ಫೋಲ್ಡರ್ ಒಳಗೆ. ಅಲ್ಲಿದೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ. ನಮಗೂ ಲ್ಯಾಬ್‌ನಲ್ಲಿ ಯಾರೂ ಹೇಳಿಕೊಟ್ಟಿಲ್ಲ.

ಈಗ ಆ ಲ್ಯಾಪ್‌ಟಾಪ್‌ನಲ್ಲಿ ಹೊಸ ಝಾಂಪ್ ಹಸಿರಾಗಿ ಓಡ್ತಿದೆ. ಒಳಗೆ ಒಬ್ಬ ರೈತನ ಹೆಸರೂ ಇಲ್ಲ. ಅವಳ ಅಪ್ಪ ಊರೂರಿಗೆ ಹೋಗಿ "ನಿಮ್ದು ಎಷ್ಟಿತ್ತು" ಅಂತ ಕೇಳ್ಕೊಂಡು ಬಂದ್ರು. ಹೆಚ್ಚಿನವರು ಪ್ರಾಮಾಣಿಕವಾಗಿ ಹೇಳಿದ್ರಂತೆ. ಆದ್ರೆ ಕೊಟ್ಟೋನು ತಗೊಂಡೋನ ಹತ್ರ ಹೋಗಿ ಲೆಕ್ಕ ಕೇಳೋದು ಹೇಗಿರುತ್ತೆ ಯೋಚ್ನೆ ಮಾಡಿ.

4/10

ಈಗ ಬಿಕಾಂ ವಿಷಯಕ್ಕೆ ಬರೋಣ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ನೀವೇನು ಮಾಡ್ತೀರಿ? ಲೆಡ್ಜರ್ ಹರಿದು ಹಾಕಿ ಜರ್ನಲ್‌ನಿಂದ ಶುರು ಮಾಡ್ತೀರಾ? ಇಲ್ಲ. ಮೊದಲು ವ್ಯತ್ಯಾಸ ಎಷ್ಟು ಅಂತ ನೋಡ್ತೀರಿ. ಅದೇ ಮೊತ್ತದ ಎಂಟ್ರಿ ಎಲ್ಲಾದ್ರೂ ಬಿಟ್ಟುಹೋಗಿದ್ಯಾ ಅಂತ ಹುಡುಕ್ತೀರಿ. ಅದರ ಅರ್ಧ ಮೊತ್ತದ ಎಂಟ್ರಿ ಇದ್ರೆ ಡೆಬಿಟ್ ಬದಲು ಕ್ರೆಡಿಟ್‌ಗೆ ಹಾಕಿರಬಹುದು. ವ್ಯತ್ಯಾಸ 9ರಿಂದ ಭಾಗ ಆದ್ರೆ ಅಂಕಿ ಅದಲುಬದಲು ಆಗಿರಬಹುದು, 54 ಬದಲು 45 ಬರೆದ ಹಾಗೆ. ಅಂದ್ರೆ ವ್ಯತ್ಯಾಸವೇ ನಿಮಗೆ ಎಲ್ಲಿ ಹುಡುಕಬೇಕು ಅಂತ ಹೇಳುತ್ತೆ.

ಎರರ್ ಮೆಸೇಜ್ ಕೂಡ ಅಷ್ಟೇ. ಅದು ಬೈಗುಳ ಅಲ್ಲ, ವ್ಯತ್ಯಾಸದ ಮೊತ್ತ.

ಓದದೇ ರೀಇನ್‌ಸ್ಟಾಲ್ ಮಾಡೋದು ಅಂದ್ರೆ ಏನು ಗೊತ್ತಾ? ವ್ಯತ್ಯಾಸನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ, ಎದ್ದು ಮನೆಗೆ ಹೋಗೋದು. ಮೇಲ್ನೋಟಕ್ಕೆ ಟ್ಯಾಲಿ, ಒಳಗೆ ತಪ್ಪು ಹಾಗೇ ಇದೆ. ಸಸ್ಪೆನ್ಸ್ ಅಕೌಂಟ್‌ನ ಕೊನೆಗೆ ಯಾರೋ ಕ್ಲಿಯರ್ ಮಾಡ್ಲೇಬೇಕು.

ಇನ್ನೊಂದು ಮಾತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ, ಪೂರ್ತಿ ಬಿಟ್ಟುಹೋದ ಎಂಟ್ರಿ ಅದರಲ್ಲಿ ಕಾಣೋದಿಲ್ಲ ಅಂತ ಮೊದಲ ಸೆಮಿಸ್ಟರ್‌ನಲ್ಲೇ ಓದಿದ್ದೀವಿ. ಝಾಂಪ್‌ನಲ್ಲಿ ಅಪಾಚೆ ಹೆಸರು ಹಸಿರಾಯ್ತು ಅಂದ್ರೂ ಅಷ್ಟೇ. ಸರ್ವರ್ ಎದ್ದಿದೆ ಅಂತ ಅರ್ಥ. ನಿಮ್ಮ ಡೇಟಾ ಇದೆ ಅಂತಲ್ಲ. ನನ್ನ ಕ್ಲಾಸ್‌ಮೇಟ್ ಮನೆಯ ಹಸಿರು ಅಂಥದ್ದೇ.

5/10

ಸರಿ, ಓದೋದು ಹೇಗೆ? ಬ್ರೌಸರ್‌ನಿಂದ ಶುರು ಮಾಡಿ. ಅದು ಏನು ತೋರಿಸ್ತಿದೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ.

ಕನೆಕ್ಷನ್ ರೆಫ್ಯೂಸ್ಡ್ ಅಂದ್ರೆ ಬಾಗಿಲ ಹಿಂದೆ ಯಾರೂ ಇಲ್ಲ. ಸರ್ವರ್ ಎದ್ದೇ ಇಲ್ಲ.

404 ಅಂದ್ರೆ ಸರ್ವರ್ ಇದೆ, ನೀವು ಕೇಳಿದ ಫೈಲ್ ಆ ಜಾಗದಲ್ಲಿಲ್ಲ. ಫೋಲ್ಡರ್ ಹೆಸರು ನೋಡಿ.

403 ಅಂದ್ರೆ ಸರ್ವರ್‌ಗೆ ನಿಮ್ಮ ಮಾತು ಅರ್ಥ ಆಗಿದೆ, ಕೊಡೋಕೆ ಒಪ್ತಿಲ್ಲ. ಪರ್ಮಿಷನ್ ಅಥವಾ ಕಾನ್ಫಿಗ್ ಕಥೆ.

500 ಅಂದ್ರೆ ಕೋಡ್ ಅಥವಾ ಸೆಟ್ಟಿಂಗ್ ಓಡೋವಾಗ ಎಡವಿದೆ. ಲಾಗ್ ನೋಡ್ಬೇಕು.

ನಿಮ್ಮ ಪ್ರಾಜೆಕ್ಟ್ ಬದಲು ನೀಲಿ ಬಣ್ಣದ ಐಐಎಸ್ ಸ್ವಾಗತ ಪುಟ ಬಂತು ಅಂದ್ರೆ ಬಾಗಿಲಲ್ಲಿ ಬೇರೆಯವರು ನಿಂತಿದ್ದಾರೆ. ಐಐಎಸ್ ಅನ್ನೋದು ವಿಂಡೋಸ್‌ನದೇ ವೆಬ್ ಸರ್ವರ್.

ಈ ಕೊನೆಯದು ಅಪ್‌ಗ್ರೇಡ್ ಆದ್ಮೇಲೆ ಪದೇಪದೇ ಕಾಣೋ ಕೇಸ್, ಅದಕ್ಕೇ ಬಿಡಿಸಿ ಹೇಳ್ತೀನಿ. ಕಂಪ್ಯೂಟರ್‌ನಲ್ಲಿ ಪೋರ್ಟ್ ಅಂತ ಇರುತ್ತೆ, ನಂಬರ್ ಹಾಕಿದ ಬಾಗಿಲುಗಳು. ವೆಬ್ ಪುಟಕ್ಕೆ 80, ಎಚ್‌ಟಿಟಿಪಿಎಸ್‌ಗೆ 443, ಮೈಎಸ್‌ಕ್ಯೂಎಲ್‌ಗೆ 3306. ಒಂದು ಬಾಗಿಲಲ್ಲಿ ಒಬ್ಬರೇ ನಿಲ್ಲೋದು ವಾಡಿಕೆ. ಅಪ್‌ಗ್ರೇಡ್ ಆದಾಗ ಕೆಲವೊಮ್ಮೆ ವಿಂಡೋಸ್‌ನ ಒಂದು ಸರ್ವಿಸ್ ಎದ್ದು 80ರಲ್ಲಿ ನಿಂತುಬಿಡುತ್ತೆ. ಆಮೇಲೆ ಅಪಾಚೆ ಬಂದ್ರೆ ಜಾಗ ಇಲ್ಲ.

ಝಾಂಪ್ ಕಂಟ್ರೋಲ್ ಪ್ಯಾನೆಲ್‌ನ ಕೆಳಗೆ ಕೆಂಪಕ್ಷರದಲ್ಲಿ ಇದೇ ಬಂದಿರುತ್ತೆ: ಪೋರ್ಟ್ 80 ಬಳಕೆಯಲ್ಲಿದೆ, ಪಿಐಡಿ 4. ಪಿಐಡಿ 4 ಅಂದ್ರೆ ವಿಂಡೋಸ್‌ನ ಸಿಸ್ಟಮ್ ಪ್ರೋಸೆಸ್. ಅದರ ಕೆಳಗಿನ ಸಾಲಿನಲ್ಲೇ ಪರಿಹಾರವೂ ಇದೆ: ಆ ಸಾಫ್ಟ್‌ವೇರ್ ನಿಲ್ಲಿಸಿ, ಇಲ್ಲಾ ಅಪಾಚೆಗೆ ಬೇರೆ ಪೋರ್ಟ್ ಕೊಡಿ. ಗ್ರೂಪಿಗೆ ಕಳಿಸೋ ಸ್ಕ್ರೀನ್‌ಶಾಟ್‌ನಲ್ಲೇ ಉತ್ತರ ಇರುತ್ತೆ ಗುರು. ಕಳಿಸೋರೂ ಓದಿರಲ್ಲ, "ಫಾರ್ಮ್ಯಾಟ್" ಅನ್ನೋರೂ ಓದಿರಲ್ಲ.

6/10

ಪೋರ್ಟ್ 80 ಕೇಸ್‌ಗೆ ಏನು ಮಾಡ್ಬೇಕು, ಸ್ಟೆಪ್ ಪ್ರಕಾರ.

ಒಂದು: ಪ್ಯಾನೆಲ್‌ನಲ್ಲಿ ನೆಟ್‌ಸ್ಟ್ಯಾಟ್ ಬಟನ್ ಇದೆ. ಒತ್ತಿ. ಯಾವ ಪೋರ್ಟ್‌ನಲ್ಲಿ ಯಾರಿದ್ದಾರೆ ಅಂತ ಪಟ್ಟಿ ಬರುತ್ತೆ. 80 ಮತ್ತು 443 ಹುಡುಕಿ.

ಎರಡು: ಅಲ್ಲಿ ಸಿಸ್ಟಮ್ ಅಂತ ಇದ್ರೆ, ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ತೆಗೆದು ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್ ಓಡ್ತಿದ್ಯಾ ನೋಡಿ. ಓಡ್ತಿದ್ರೆ ಅದೇ ಐಐಎಸ್. ಅದನ್ನ ನಿಲ್ಲಿಸಿ ಅಪಾಚೆ ಸ್ಟಾರ್ಟ್ ಮಾಡಿ ನೋಡಬಹುದು. ನಿಮ್ಮ ಸ್ವಂತ ಲ್ಯಾಪ್‌ಟಾಪ್ ಆದ್ರೆ ಓಕೆ. ಆಫೀಸ್ ಅಥವಾ ಕಾಲೇಜ್ ಮಷೀನ್ ಆದ್ರೆ ಕೇಳಿ ಮುಟ್ಟಿ, ಅದರ ಮೇಲೆ ಯಾರ ಕೆಲಸ ನಿಂತಿದ್ಯೋ ಗೊತ್ತಿಲ್ಲ.

ಮೂರು: ನನಗೆ ಇಷ್ಟವಾದ ದಾರಿ ಬೇರೆ. ಅವರನ್ನ ಎಬ್ಬಿಸೋ ಬದಲು ನೀವೇ ಪಕ್ಕದ ಬಾಗಿಲಿಗೆ ಹೋಗಿ. ಅಪಾಚೆ ಎದುರಿನ ಕಾನ್ಫಿಗ್ ಬಟನ್ ಒತ್ತಿ, ಎಚ್‌ಟಿಟಿಪಿಡಿ ಕಾನ್ಫ್ ಫೈಲ್ ತೆಗೆದು, ಲಿಸನ್ 80 ಅಂತಿರೋದನ್ನ ಲಿಸನ್ 8080 ಮಾಡಿ. ಸರ್ವರ್‌ನೇಮ್ ಸಾಲಿನಲ್ಲೂ 80 ಇದ್ರೆ 8080 ಮಾಡಿ. ಪ್ಯಾನೆಲ್‌ನ ಮೇಲಿರೋ ದೊಡ್ಡ ಕಾನ್ಫಿಗ್‌ನಲ್ಲಿ ಸರ್ವಿಸ್ ಆ್ಯಂಡ್ ಪೋರ್ಟ್ ಸೆಟ್ಟಿಂಗ್ಸ್‌ನಲ್ಲೂ ಬದಲಾಯಿಸಿ. ಆಮೇಲೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಮುಂದೆ ಕೋಲನ್ ಹಾಕಿ 8080 ಅಂತ ಹೊಡೀರಿ. ಮುಂದಿನ ಅಪ್‌ಡೇಟ್‌ನಲ್ಲಿ ಆ ಸರ್ವಿಸ್ ಮತ್ತೆ ಎದ್ರೂ ನಿಮಗೆ ತೊಂದ್ರೆ ಇಲ್ಲ.

ನಾಲ್ಕು: ಇನ್ನೂ ಏಳ್ತಿಲ್ಲ, ಲಾಗ್‌ನಲ್ಲೂ ಏನಿಲ್ಲ ಅಂದ್ರೆ ಶೆಲ್ ಬಟನ್ ಒತ್ತಿ ಎಚ್‌ಟಿಟಿಪಿಡಿ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಅಪಾಚೆ ಬಾಯಿಬಿಟ್ಟು ಹೇಳುತ್ತೆ. 10048 ಬಂದ್ರೆ ಜಾಗದಲ್ಲಿ ಬೇರೆಯವರಿದ್ದಾರೆ. 10013 ಬಂದ್ರೆ ಆ ಜಾಗ ಬಳಸೋಕೆ ನಿಮಗೆ ಅನುಮತಿ ಇಲ್ಲ. ಕಾನ್ಫಿಗ್ ಫೈಲ್‌ನಲ್ಲಿ ಕೈತಪ್ಪಿ ಏನಾದ್ರೂ ಅಳಿದಿದ್ರೆ ಎಷ್ಟನೇ ಸಾಲು ಅಂತಾನೂ ಹೇಳುತ್ತೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿ, ಸ್ಟಾರ್ಟ್ ಮಾಡಿ, ನೋಡಿ, ಬರೆದಿಟ್ಟುಕೊಳ್ಳಿ. ಐದು ಕಡೆ ಒಟ್ಟಿಗೆ ಕೈ ಹಾಕಿದ್ರೆ ಯಾವುದರಿಂದ ಸರಿ ಹೋಯ್ತು ಅಂತಾನೂ ತಿಳಿಯಲ್ಲ, ಯಾವುದರಿಂದ ಇನ್ನಷ್ಟು ಕೆಡ್ತು ಅಂತಾನೂ ತಿಳಿಯಲ್ಲ.

7/10

ಈಗ ನನ್ನ ಮುಖ್ಯ ತಕರಾರು. ಪೋರ್ಟ್ 80 ಕೇಸಿನಲ್ಲಿ ಝಾಂಪ್ ಅನ್‌ಇನ್‌ಸ್ಟಾಲ್ ಮಾಡಿ ಹೊಸದು ಹಾಕಿದ್ರೆ ಏನಾಗುತ್ತೆ? ಲೆಕ್ಕ ಹಾಕೋಣ.

ಮೊದಲನೇದು, 80ರಲ್ಲಿ ನಿಂತಿರೋನು ಝಾಂಪ್‌ನೋನೇ ಅಲ್ಲ. ನೀವು ಝಾಂಪ್ ತೆಗೆದು ಹಾಕಿದ್ರೂ ಅವನು ಅಲ್ಲೇ ನಿಂತಿರ್ತಾನೆ. ಮೂಲ ಸಮಸ್ಯೆ ಹಾಗೇ ಉಳೀತು.

ಎರಡನೇದು, ಹಳೇ ಫೋಲ್ಡರ್ ಜೊತೆ ಡೇಟಾ ಹೋಗುವ ಅಪಾಯ ಬಂತು.

ಮೂರನೇದು, ಹೊಸ ಝಾಂಪ್ ಜೊತೆ ಹೊಸ ಪಿಎಚ್‌ಪಿ ಬಂತು. ನಮ್ಮ ಕಾಲೇಜುಗಳಲ್ಲಿ ಸೀನಿಯರ್ ಪ್ರಾಜೆಕ್ಟ್ ಜಿಪ್ ಫೈಲ್ ಕೈಯಿಂದ ಕೈಗೆ ಬರೋದು ಗೊತ್ತಿರೋ ವಿಷಯ. ಆ ಕೋಡ್‌ನಲ್ಲಿ ಮೈಎಸ್‌ಕ್ಯೂಎಲ್ ಅಂಡರ್‌ಸ್ಕೋರ್ ಕನೆಕ್ಟ್ ಅನ್ನೋ ಹಳೇ ಫಂಕ್ಷನ್ ಇರುತ್ತೆ. ಅದನ್ನ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ, 2015ರ ಡಿಸೆಂಬರ್‌ನಲ್ಲಿ. ಹಳೇ ಝಾಂಪ್‌ನಲ್ಲಿ ಪಿಎಚ್‌ಪಿ 5 ಇದ್ದಿದ್ರಿಂದ ಓಡ್ತಿದ್ದ ಪ್ರಾಜೆಕ್ಟ್ ಈಗ "ಇಂಥ ಫಂಕ್ಷನ್ನೇ ಇಲ್ಲ" ಅನ್ನುತ್ತೆ. ನೀವು ಅಂದ್ಕೊಳ್ತೀರಿ ವಿಂಡೋಸ್ 11 ಸರಿ ಇಲ್ಲ ಅಂತ. ವಿಂಡೋಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಒಂದು ಸಮಸ್ಯೆ ಇತ್ತು. ಓದದೇ ಕೈ ಹಾಕಿದ್ದಕ್ಕೆ ಮೂರಾಯ್ತು. ಆಗ ಸುಸ್ತಾಗಿ ಫಾರ್ಮ್ಯಾಟ್. ಫಾರ್ಮ್ಯಾಟ್ ಆದ್ಮೇಲೆ ಓಡುತ್ತೆ, ನಿಜ. ಅದಕ್ಕೇ ಎಲ್ಲರೂ ಅದನ್ನ ಪರಿಹಾರ ಅಂದ್ಕೊಂಡಿರೋದು. ಇಲಿ ಬಂತು ಅಂತ ಮನೆ ಸುಟ್ಟರೆ ಇಲಿಯೂ ಹೋಗುತ್ತೆ.

ಡೇಟಾ ಫೋಲ್ಡರ್ ಬಗ್ಗೆ ಒಂದು ಎಚ್ಚರಿಕೆ. ಮೈಎಸ್‌ಕ್ಯೂಎಲ್ ಏಳದಿದ್ದಾಗ ಡೇಟಾ ಫೋಲ್ಡರ್ ಹೆಸರು ಬದಲಿಸಿ, ಬ್ಯಾಕಪ್ ಅನ್ನೋ ಫೋಲ್ಡರ್ ಕಾಪಿ ಮಾಡಿ, ನಿಮ್ಮ ಡೇಟಾಬೇಸ್ ಫೋಲ್ಡರ್‌ನ ಅದರೊಳಗೆ ಹಾಕಿ ಅಂತ ಹೇಳೋ ವಿಡಿಯೋಗಳಿವೆ. ಅದರಲ್ಲಿ ಐಬಿಡೇಟಾ1 ಅನ್ನೋ ಫೈಲ್ ಬಿಟ್ಟರೆ ಟೇಬಲ್ ಹೆಸರು ಕಾಣುತ್ತೆ, ಒಳಗೆ ಹೋದ್ರೆ 1932 ಎರರ್, ಎಂಜಿನ್‌ನಲ್ಲಿ ಟೇಬಲ್ ಇಲ್ಲ ಅಂತ. ಯಾಕಂದ್ರೆ ಯಾವ ಟೇಬಲ್ ಎಲ್ಲಿದೆ ಅನ್ನೋ ಸೂಚಿ ಇರೋದು ಆ ಫೈಲ್‌ನಲ್ಲಿ. ಏನೇ ಮಾಡೋ ಮೊದಲು ಪೂರ್ತಿ ಡೇಟಾ ಫೋಲ್ಡರ್ ಹಾಗೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಮೂಲ ಕಡತ ಮುಟ್ಟದೇ ನಕಲಿನ ಮೇಲೆ ಪ್ರಯೋಗ ಮಾಡಿ.

8/10

ವಿಂಡೋಸ್ ಬಳಸದವರು ನಗ್ಬೇಡಿ, ನಿಮಗೂ ಪಾಲಿದೆ.

ಉಬುಂಟು ಇರೋರಿಗೆ: ಅಲ್ಲಿ ಓಎಸ್ ಅಪ್‌ಗ್ರೇಡ್ ಆದ್ರೆ ಪಿಎಚ್‌ಪಿಯೂ ಜೊತೆಗೇ ಬದಲಾಗುತ್ತೆ. 20.04ರಲ್ಲಿ ಪಿಎಚ್‌ಪಿ 7.4, 22.04ರಲ್ಲಿ 8.1, 24.04ರಲ್ಲಿ 8.3. ಅಪಾಚೆ ಇನ್ನೂ 7.4ರ ಮಾಡ್ಯೂಲ್ ಹುಡುಕ್ತಿದ್ರೆ ಏಳೋದೇ ಇಲ್ಲ. ಹೊಸ ಮಾಡ್ಯೂಲ್ ಎನೇಬಲ್ ಆಗಿಲ್ಲ ಅಂದ್ರೆ ಪುಟದ ಬದಲು ನಿಮ್ಮ ಕೋಡ್ ಹಾಗೇ ಸ್ಕ್ರೀನ್ ಮೇಲೆ ಬರುತ್ತೆ, ಡೇಟಾಬೇಸ್ ಪಾಸ್‌ವರ್ಡ್ ಸಮೇತ. ಅಪ್‌ಗ್ರೇಡ್ ಮಧ್ಯೆ "ನಿಮ್ಮ ಹಳೇ ಕಾನ್ಫಿಗ್ ಫೈಲ್ ಇಟ್ಕೊಳ್ಳೋದಾ, ಹೊಸದು ಹಾಕೋದಾ" ಅಂತ ಕೇಳುತ್ತೆ. ಅಲ್ಲಿ ಸುಮ್ನೆ ಎಂಟರ್ ಹೊಡೀಬೇಡಿ, ಏನು ಆರಿಸಿದ್ರಿ ಅಂತ ಬರೆದಿಡಿ.

ಮ್ಯಾಕ್ ಇರೋ ಅದೃಷ್ಟವಂತರಿಗೆ: 2021ರಲ್ಲಿ ಬಂದ ಮಾಂಟೆರೇಯಿಂದ ಆ್ಯಪಲ್ ಮ್ಯಾಕ್‌ಓಎಸ್ ಜೊತೆ ಪಿಎಚ್‌ಪಿ ಕೊಡೋದನ್ನೇ ನಿಲ್ಲಿಸಿದೆ. ಅಪಾಚೆ ಇದೆ, ಪಿಎಚ್‌ಪಿ ನೀವೇ ಹಾಕ್ಕೋಬೇಕು.

ಕೆಲವೊಮ್ಮೆ ತಪ್ಪು ನಿಮ್ಮ ಕಡೆ ಇರೋದೇ ಇಲ್ಲ. 2025ರ ಅಕ್ಟೋಬರ್‌ನ ವಿಂಡೋಸ್ 11 ಅಪ್‌ಡೇಟ್ ಬಂದ್ಮೇಲೆ ಐಐಎಸ್ ಮೇಲೆ ಓಡೋ ಲೋಕಲ್‌ಹೋಸ್ಟ್ ಪುಟಗಳು ತೆರೆಯದೇ ಹೋದವು. ವರ್ಷಗಟ್ಟಲೆ ಅನುಭವ ಇರೋ ಡೆವಲಪರ್‌ಗಳೂ ತಲೆ ಕೆಡಿಸ್ಕೊಂಡ್ರು. ಮೈಕ್ರೋಸಾಫ್ಟ್ ಅದನ್ನ ಒಪ್ಪಿಕೊಂಡು ಸರಿಪಡಿಸ್ತು. ಹಾಗಾಗಿ ಸರ್ವರ್ ನಿಂತ್ರೆ "ನಾನು ದಡ್ಡ" ಅಂತ ಶುರು ಮಾಡ್ಬೇಡಿ. ಏನು ಬದಲಾಯ್ತು, ಯಾವತ್ತು ಬದಲಾಯ್ತು ಅಂತ ಶುರು ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಹಿಸ್ಟರಿ ಅಂತ ಇದೆ, ದಿನಾಂಕ ಸಮೇತ. ಬ್ಯಾಂಕ್ ರಿಕನ್ಸಿಲಿಯೇಷನ್ ಮಾಡೋವಾಗ ಪಾಸ್‌ಬುಕ್ ಪಕ್ಕ ಕ್ಯಾಶ್‌ಬುಕ್ ಇಟ್ಕೊಳ್ತೀವಲ್ಲ, ಹಾಗೆ ಆ ಹಿಸ್ಟರಿ ಪಕ್ಕ ನಿಮ್ಮ ಸರ್ವರ್ ಲಾಗ್ ಇಟ್ಕೊಂಡು ನೋಡಿ. ಎರಡರ ದಿನಾಂಕ ಎಲ್ಲಿ ಸೇರುತ್ತೋ ಅಲ್ಲಿಂದ ಹುಡುಕಿ.

9/10

ಇಷ್ಟು ಹೇಳಿದ್ಮೇಲೆ ಬರೋ ಪ್ರಶ್ನೆಗಳು ನನಗೆ ಗೊತ್ತು. ಕಮೆಂಟ್ ಮಾಡೋ ಮೊದಲೇ ಉತ್ತರ ಕೊಡ್ತೀನಿ.

"ನಾವು ಬಿಕಾಂ, ಇದೆಲ್ಲ ಬಿಸಿಎಯವರ ಕೆಲಸ." ನಾಳೆ ನೀವು ಕೂರೋದು ಟ್ಯಾಲಿ, ಜಿಎಸ್‌ಟಿ, ಬಿಲ್ಲಿಂಗ್ ಸಾಫ್ಟ್‌ವೇರ್ ಮುಂದೇನೇ. ಮಾರ್ಚ್ ಕೊನೇ ವಾರದಲ್ಲಿ ಅದು ನಿಂತ್ರೆ, ಪಕ್ಕದಲ್ಲಿ ಬಿಸಿಎಯವರು ಇರಲ್ಲ. ಡೇಟಾ ಫೋಲ್ಡರ್ ಎಲ್ಲಿದೆ ಅಂತ ಗೊತ್ತಿರೋ ಅಕೌಂಟೆಂಟ್‌ಗೂ ಗೊತ್ತಿಲ್ಲದೋರಿಗೂ ಮಾಲೀಕರು ಕೊಡೋ ಮರ್ಯಾದೆ ಬೇರೆ.

"ಟೈಮ್ ಇಲ್ಲ." ಕೆಂಪಕ್ಷರದ ಎರಡು ಸಾಲು ಓದೋಕೆ ಒಂದು ನಿಮಿಷ. ಫಾರ್ಮ್ಯಾಟ್ ಮಾಡಿ ಎಲ್ಲ ವಾಪಸ್ ಹಾಕ್ಕೊಳ್ಳೋಕೆ ಅರ್ಧ ದಿನ.

"ಎಐ ಕೇಳಿದ್ರೆ ಆಯ್ತು." ಕೇಳಿ, ನಾನೂ ಕೇಳ್ತೀನಿ. ಆದ್ರೆ "ಝಾಂಪ್ ಓಡ್ತಿಲ್ಲ" ಅಂತ ಕೇಳಿದ್ರೆ ಅದೂ ಹತ್ತು ಊಹೆ ಮಾಡುತ್ತೆ. ಲಾಗ್‌ನ ಸಾಲು, ವಿಂಡೋಸ್ ವರ್ಶನ್, ಏನು ಬದಲಾಯ್ತು ಅಂತ ಕೊಟ್ಟರೆ ಉತ್ತರವೂ ಹತ್ತಿರ ಬರುತ್ತೆ. ಅಂದ್ರೆ ಕೇಳೋಕೂ ಮೊದಲು ಓದ್ಲೇಬೇಕು. ಮತ್ತೆ, ಅದು ಕೊಟ್ಟ ಕಮಾಂಡ್ ಏನು ಮಾಡುತ್ತೆ ಅಂತ ಗೊತ್ತಿಲ್ಲದೇ ಪೇಸ್ಟ್ ಮಾಡೋದು ಖಾಲಿ ಚೆಕ್‌ಗೆ ಸಹಿ ಹಾಕಿದ ಹಾಗೆ. ಡಿಲೀಟ್, ರಿಮೂವ್, ಡ್ರಾಪ್ ಅನ್ನೋ ಪದ ಕಂಡ್ರೆ ಕೈ ನಿಲ್ಲಲಿ.

"ಇಂಗ್ಲಿಷ್ ಅರ್ಥ ಆಗಲ್ಲ." ಇದು ನಿಜವಾದ ಕಷ್ಟ, ಇದನ್ನ ನಾನು ಹಗುರ ಮಾಡಲ್ಲ. ಕನ್ನಡ ಮೀಡಿಯಂನಿಂದ ಬಂದೋರಿಗೆ ಕೆಂಪು ಇಂಗ್ಲಿಷ್ ಸಾಲು ಕಂಡ್ರೆ ಪರೀಕ್ಷೆ ಹಾಲ್ ನೆನಪಾಗುತ್ತೆ, ಕಣ್ಣು ತಾನಾಗೇ ಆಚೆ ಹೋಗುತ್ತೆ. ಆದ್ರೆ ಎರರ್ ಇಂಗ್ಲಿಷ್ ಕಾದಂಬರಿ ಇಂಗ್ಲಿಷ್ ಅಲ್ಲ. ಅದೇ ಆರೇಳು ಪದ ಸುತ್ತಿಸುತ್ತಿ ಬರ್ತವೆ. ಡಿನೈಡ್ ಅಂದ್ರೆ ಅನುಮತಿ ಇಲ್ಲ. ಇನ್ ಯೂಸ್ ಅಂದ್ರೆ ಬೇರೆಯವರು ಬಳಸ್ತಿದ್ದಾರೆ. ನಾಟ್ ಫೌಂಡ್, ಸಿಗಲಿಲ್ಲ. ರೆಫ್ಯೂಸ್ಡ್, ಯಾರೂ ಬಾಗಿಲು ತೆಗೀಲಿಲ್ಲ. ಮಿಸ್ಸಿಂಗ್, ಏನೋ ಕಾಣೆ. ಅನ್‌ಡಿಫೈನ್ಡ್, ಆ ಹೆಸರು ನನಗೆ ಗೊತ್ತಿಲ್ಲ. ಡೆಪ್ರಿಕೇಟೆಡ್, ಈಗ ನಡೀತಿದೆ, ಮುಂದೆ ನಿಲ್ಲುತ್ತೆ. ಇಷ್ಟು ನೋಟ್‌ಬುಕ್ ಹಿಂದಿನ ಪುಟದಲ್ಲಿ ಬರ್ಕೊಂಡ್ರೆ ಹೆಚ್ಚಿನ ಎರರ್ ದಾಟಬಹುದು.

10/10

ಹಾಗಾದ್ರೆ ರೀಇನ್‌ಸ್ಟಾಲ್ ಮಾಡ್ಲೇಬಾರ್ದಾ? ಮಾಡಬಹುದು. ಕಾರಣ ಝಾಂಪ್ ಒಳಗೇ ಇದೆ ಅಂತ ಖಚಿತ ಆದ್ಮೇಲೆ, ಡೇಟಾ ಆಚೆ ತೆಗೆದಿಟ್ಟ ಮೇಲೆ. ಅಷ್ಟು ಮಾಡಿದ್ರೆ ಅದು ಯೋಚಿಸಿ ತಗೊಂಡ ನಿರ್ಧಾರ, ಭಯದಲ್ಲಿ ಒತ್ತಿದ ಬಟನ್ ಅಲ್ಲ.

ಅಪ್‌ಗ್ರೇಡ್ ಮೊದಲು ಮಾಡ್ಬೇಕಾದ್ದು ನಾಲ್ಕೇ ನಾಲ್ಕು.

ಪಿಎಚ್‌ಪಿಮೈಅಡ್ಮಿನ್ ತೆಗೆದು, ಡೇಟಾಬೇಸ್ ಆರಿಸಿ, ಎಕ್ಸ್‌ಪೋರ್ಟ್ ಒತ್ತಿ. ಒಂದು ಎಸ್‌ಕ್ಯೂಎಲ್ ಫೈಲ್ ಬರುತ್ತೆ. ಬೇರೆ ಯಾವ ಮಷೀನ್‌ನಲ್ಲಾದ್ರೂ ಇಂಪೋರ್ಟ್ ಮಾಡಬಹುದು.

ಎಚ್‌ಟಿಡಾಕ್ಸ್ ಫೋಲ್ಡರ್ ಕಾಪಿ ಮಾಡಿ. ನಿಮ್ಮ ಕೋಡ್ ಇರೋದು ಅಲ್ಲಿ.

ಎಚ್‌ಟಿಟಿಪಿಡಿ ಕಾನ್ಫ್ ಮತ್ತು ಪಿಎಚ್‌ಪಿ ಐಎನ್‌ಐ, ಈ ಎರಡು ಸೆಟ್ಟಿಂಗ್ ಫೈಲ್ ಕಾಪಿ ಮಾಡಿ.

ಪಿಎಚ್‌ಪಿ ವರ್ಶನ್ ಎಷ್ಟು ಅಂತ ಬರೆದಿಡಿ.

ಇವೆಲ್ಲ ಪೆನ್‌ಡ್ರೈವ್‌ನಲ್ಲಿ ಒಂದು, ಡ್ರೈವ್‌ನಲ್ಲಿ ಒಂದು. ಅದೇ ಲ್ಯಾಪ್‌ಟಾಪ್‌ನ ಸಿ ಡ್ರೈವ್‌ನಲ್ಲಿಟ್ಟರೆ ಅದನ್ನ ಬ್ಯಾಕಪ್ ಅನ್ನಲ್ಲ.

ಮೇಷ್ಟ್ರುಗಳು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಕೋರಿಕೆ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಮುನ್ನುಡಿ, ಕೃತಜ್ಞತೆ, ಸ್ಕ್ರೀನ್‌ಶಾಟ್ ಎಲ್ಲಕ್ಕೂ ಪುಟ ಇದೆ. "ಏನು ಕೆಟ್ಟಿತ್ತು, ಹೇಗೆ ಕಂಡುಹಿಡಿದ್ವಿ, ಡೇಟಾ ಎಲ್ಲಿಟ್ಟಿದ್ದೀವಿ" ಅನ್ನೋದಕ್ಕೂ ಒಂದು ಪುಟ ಇಡಿ ಸರ್, ಐದು ಮಾರ್ಕ್ಸ್ ಸಾಕು. ಜಿಪ್ ಫೈಲ್ ತಂದೋರಿಗೆ ಆ ಪುಟ ಬರೆಯೋಕೆ ಆಗಲ್ಲ. ಮಾಡಿದೋರಿಗೆ ಮಾತ್ರ ಬರೆಯೋಕೆ ಬರುತ್ತೆ.

ಮತ್ತೆ ನೀವು, ಗ್ರೂಪಿನಲ್ಲಿರೋರು. ಮುಂದಿನ ಸಲ ಯಾರಾದ್ರೂ "ಅಪಾಚೆ ಸ್ಟಾರ್ಟ್ ಆಗ್ತಿಲ್ಲ" ಅಂತ ಹಾಕಿದ್ರೆ "ಫಾರ್ಮ್ಯಾಟ್ ಹೊಡಿ" ಅಂತ ಟೈಪ್ ಮಾಡೋ ಮೊದಲು ಎರಡು ಪ್ರಶ್ನೆ ಕೇಳಿ: "ಕೆಂಪಕ್ಷರದಲ್ಲಿ ಏನಿದೆ? ಡೇಟಾ ಎಕ್ಸ್‌ಪೋರ್ಟ್ ಮಾಡಿದ್ಯಾ?" ಅಷ್ಟು ಕೇಳೋಕೆ ನೀವು ಎಕ್ಸ್‌ಪರ್ಟ್ ಆಗಿರಬೇಕಿಲ್ಲ. ನಿಮ್ಮ ಒಂದು ಮೆಸೇಜ್ ನಂಬಿ ಯಾರೋ ತಮ್ಮ ಮನೆಯ ಲೆಕ್ಕ ಅಳಿಸಿಬಿಡಬಹುದು, ಅಷ್ಟು ನೆನಪಿಟ್ಟುಕೊಂಡ್ರೆ ಸಾಕು.

ನಿಮ್ಮ ಸ್ಕ್ರೀನ್ ಮೇಲಿರೋ ಎರರ್ ಸಾಲನ್ನ ಕಮೆಂಟ್‌ನಲ್ಲಿ ಪೂರ್ತಿ ಟೈಪ್ ಮಾಡಿ ಹಾಕಿ. ಸೇರಿ ಓದೋಣ.

#ಲೋಕಲ್‌ಹೋಸ್ಟ್ #ಬಿಕಾಂ_ಲೈಫ್ #ಮೊದಲು_ಓದಿ #ಕನ್ನಡದಲ್ಲಿ_ಟೆಕ್